ಜಪಾನಿನ ಕೆಂಚಪ್ಪ ನಮ್ಮ ಮಹಡಿಯಲ್ಲಿದ್ದ ಆರು ತಿಂಗಳು

ಹೋದ ವಾರ ಪಕ್ಕದ ಮನೆಯ ಜಯಮ್ಮ ಓಡಿ ಬಂದಳು. ಗೊಬ್ಬರದ ಮೂಟೆ ಎತ್ತಲು ಹೋಗಿ ಅವಳ ಗಂಡನ ಸೊಂಟ ಹಿಡಿದುಕೊಂಡಿತ್ತು.

"ಅಕ್ಕ, ಒಂದೇ ಒಂದ್ಸಲ ಬಂದು ಕಾಲಿಟ್ಟು ಹೋಗಕ್ಕ. ನಿಂಗೆ ಕೈ ಮುಗೀತೀನಿ."

"ಬಿಟ್ಟಿದ್ದೀನಿ ಅಂತ ಊರಿಗೆಲ್ಲ ಗೊತ್ತು. ನಿಂಗೊಬ್ಬಳಿಗೆ ಗೊತ್ತಿಲ್ವಾ?" ಅಂದೆ.

ಆದರೂ ನೋಡಿ ಬರೋಣ ಎಂದು ಹೋದೆ. ಅವರ ಮಗಳು ಒಂದು ಡಬ್ಬಿ ತಂದು ಅಪ್ಪನ ಸೊಂಟಕ್ಕೆ ಬುಸ್ಸೆಂದು ನೋವಿನ ಸ್ಪ್ರೇ ಹೊಡೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ಎದ್ದು ಬಂದುಬಿಟ್ಟೆ. ಆರು ತಿಂಗಳು ನನ್ನ ಮನೆಯ ಮೆಟ್ಟಿಲೆಲ್ಲ ಅದೇ ವಾಸನೆ ಹೊಡೆಯುತ್ತಿತ್ತು. ಜಯಮ್ಮ ಈಗ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಮುನಿಸಿಕೊಳ್ಳಲಿ. ಯಾಕೆ ಬಿಟ್ಟೆ ಎಂದು ಕೇಳುವವರಿಗೆಲ್ಲ ಒಂದೇ ಸಲ ಹೇಳಿ ಮುಗಿಸುತ್ತೇನೆ.

ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂತಂತೆ. ಹಾಗೆ ಹುಟ್ಟಿದವರು ಕಾಲಲ್ಲಿ ಒತ್ತಿದರೆ ಉಳುಕು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಬರಬೇಕು. ಹೊಸ್ತಿಲ ಮುಂದೆ ಚಾಪೆ ಹಾಸಿ ಬೋರಲು ಮಲಗಿಸುತ್ತಿದ್ದೆ. ನೋವಿರುವ ಜಾಗವನ್ನು ಎಡಗಾಲಿನ ಹಿಮ್ಮಡಿಯಿಂದ ಮೂರು ಸಲ ಒತ್ತಿ ಎಳೆಯುತ್ತಿದ್ದೆ. ಬೇರೆ ಹೊತ್ತಿನಲ್ಲಿ ಯಾರದಾದರೂ ಕಾಲು ತಗುಲಿದರೆ ಮುಖ ಗಂಟು ಹಾಕುವ ಜನ ಆಗ ಮಾತ್ರ ತುಳಿಸಿಕೊಳ್ಳಲು ಜಗುಲಿಯಲ್ಲಿ ಸಾಲಾಗಿ ಕೂರುತ್ತಿದ್ದರು. ಪಂಚಾಯಿತಿ ಅಧ್ಯಕ್ಷನೂ ನನ್ನ ಕಾಲ ಕೆಳಗೆ ಮಲಗಿದ್ದಾನೆ. ಬಂದವರು ಯಾರೂ ಬಂದ ಹಾಗೇ ಹೋದದ್ದಿಲ್ಲ. ನನಗೆ ಅದರ ಜಂಬ ಇತ್ತು. ಇಲ್ಲ ಎಂದು ಯಾಕೆ ಸುಳ್ಳು ಹೇಳಲಿ.

ನಮ್ಮೂರು ದೇವನಹಳ್ಳಿಯಿಂದ ಆವತಿಗೆ ಹೋಗುವ ಕಡೆ ಇದೆ. ವಿಮಾನ ತಲೆಯ ಮೇಲೆ ಹೋಗುವಾಗ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ನಿಲ್ಲಿಸಿದ ಕಡೆಯಿಂದಲೇ ಶುರು ಮಾಡುವುದು ನಮಗೆ ಅಭ್ಯಾಸ. ಮೂರು ವರ್ಷದ ಹಿಂದೆ ಬೆಂಗಳೂರಿನ ಒಬ್ಬ ದುಡ್ಡಿನ ಮನುಷ್ಯ ಫುಟ್‌ಬಾಲ್ ತಂಡ ಕಟ್ಟಿ, ನಮ್ಮ ಕೆರೆಯ ಹಿಂದೆ ಮೈದಾನ ಮಾಡಿಸಿದ. ನನ್ನ ಮೈದುನನ ಮಗ ಮುನಿರಾಜು ಅದಕ್ಕೆ ಮ್ಯಾನೇಜರ್ ಆದ. ಅಲ್ಲಿಯವರೆಗೆ ಸೈಟು ತೋರಿಸಿಕೊಂಡು ತಿರುಗುತ್ತಿದ್ದವನು. ಚೆಂಡನ್ನು ಯಾವ ಕಡೆ ಒದೆಯಬೇಕೆಂದು ಗೊತ್ತಿಲ್ಲದಿದ್ದರೂ ಕೊರಳಿಗೆ ಸೀಟಿ ಹಾಕಿಕೊಂಡ.

ದೀಪಾವಳಿ ಮುಗಿದು ಚಳಿ ಬೀಳುತ್ತಿತ್ತು. ಮುನಿರಾಜು ಬಂದು ಜಗುಲಿಯ ಮೇಲೆ ಕೂತ.

"ದೊಡ್ಡಮ್ಮ, ಮಹಡಿ ಖಾಲಿ ಐತಲ್ಲ, ನಮ್ ಟೀಮಿನ ಒಬ್ಬ ಪ್ಲೇಯರ್ ಇರ್ತಾನೆ. ಜಪಾನಿನವನು."

"ದೇವನಹಳ್ಳೀಲಿ ಅಷ್ಟೊಂದು ಹೋಟ್ಲಿದಾವೆ, ಅಲ್ಲಿಗೆ ಹಾಕು."

"ಅವನಿಗೆ ಗ್ರೌಂಡ್ ಪಕ್ಕದಲ್ಲೇ ಇರ್ಬೇಕಂತೆ. ಊಟಾನೂ ನೀನೇ ಹಾಕ್ಬಿಡು. ಜಪಾನಿನವ್ರು ಭಾಳ ಒಳ್ಳೆ ಜನ ದೊಡ್ಡಮ್ಮ, ತಲೆ ಬಗ್ಗಿಸಿ ಮಾತಾಡ್ತಾರೆ."

"ಓಟಿಗೆ ನಿಂತಾಗ ನೀನೂ ಬಗ್ಗಿಸಿದ್ದೆ," ಅಂದೆ.

ನಕ್ಕ. ಮಾರನೆಯ ದಿನವೇ ಅವನನ್ನು ಕರೆತಂದು ಮಹಡಿಗೆ ಹತ್ತಿಸಿದ. ನಾನು ಹೂಂ ಅಂದಿರಲಿಲ್ಲ.

ಅವನ ಹೆಸರು ಕೆಂಜಿ. ಎರಡೇ ದಿನದಲ್ಲಿ ಊರವರ ಬಾಯಲ್ಲಿ ಕೆಂಚಪ್ಪ ಆದ. ಮೂವತ್ತನಾಲ್ಕು ವರ್ಷ. ಅವನ ಫೋನಿಗೆ ಅವನ ಭಾಷೆಯಲ್ಲಿ ಹೇಳಿದರೆ ಅದು ಕನ್ನಡದಲ್ಲಿ ಹೇಳುತ್ತಿತ್ತು. ಒಬ್ಬ ಹೆಂಗಸಿನ ದನಿ. ಮದುವೆ ಮನೆಯಲ್ಲಿ ಉಪಚಾರಕ್ಕೆ ನಿಂತವಳ ಹಾಗೆ ಎಲ್ಲದಕ್ಕೂ ದಯವಿಟ್ಟು, ಎಲ್ಲರಿಗೂ ನೀವು. ಆ ದನಿಯಿಂದಲೇ ನನಗೆ ಅವನ ಕಥೆ ಗೊತ್ತಾದದ್ದು. ಅವನ ದೇಶದ ತಂಡ ಇಪ್ಪತ್ಮೂರನೆಯ ವಯಸ್ಸಿಗೇ ಬೇಡ ಅಂದಿತಂತೆ. ಆಮೇಲೆ ಥಾಯ್ಲೆಂಡ್, ಆಮೇಲೆ ಹಿಮ ಬೀಳುವ ಯಾವುದೋ ದೇಶ, ಆಮೇಲೆ ಸಿಂಗಾಪುರ, ಆಮೇಲೆ ಗೋವಾ. ಪ್ರತಿ ಕಡೆಯೂ ಹಿಂದಿನದಕ್ಕಿಂತ ಸಣ್ಣ ತಂಡ. ಕೊನೆಗೆ ನಮ್ಮೂರ ಕೆರೆಯ ಹಿಂದೆ ಬಂದು ನಿಂತಿದ್ದ. ಇಲ್ಲಿಂದ ಕೆಳಗೆ ಹೋಗಲು ಇನ್ನು ಜಾಗ ಇರಲಿಲ್ಲ. ಇಲ್ಲಿ ಇನ್ನೊಂದು ವರ್ಷಕ್ಕೆ ಇಟ್ಟುಕೊಂಡರೆ ಆಟ, ಇಲ್ಲದಿದ್ದರೆ ಎಲ್ಲ ಮುಗಿಯಿತು. ಅದು ಅವನಿಗೂ ಗೊತ್ತಿತ್ತು, ಮುನಿರಾಜುವಿಗೂ ಗೊತ್ತಿತ್ತು.

ಕೆಲಸಗಾರ. ಅದು ಮಾತ್ರ ಸುಳ್ಳಲ್ಲ. ಮಂಜಿನಲ್ಲಿ ಒಬ್ಬನೇ ಕೆರೆ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದ. ತಂಡದ ಹುಡುಗರು ಟೀ ಕುಡಿದು ಮೈದಾನಕ್ಕೆ ಬರುವ ಹೊತ್ತಿಗೆ ಅವನ ಅಂಗಿ ಒದ್ದೆಯಾಗಿರುತ್ತಿತ್ತು. ಆದರೆ ಕೆಲಸಗಾರ ಎಂದ ಮಾತ್ರಕ್ಕೆ ಮನೆಯಲ್ಲಿಟ್ಟುಕೊಳ್ಳಲು ಆಗುವುದಿಲ್ಲ. ಬಂದ ಮೂರನೆಯ ದಿನ ನಾನು ಬಾಗಿಲಿಗೆ ರಂಗೋಲಿ ಹಾಕಿ ಒಳಗೆ ಹೋಗಿ ಬರುವಷ್ಟರಲ್ಲಿ, ಪುಡಿ ಚೆಲ್ಲಿದೆ ಎಂದುಕೊಂಡು ಪೊರಕೆ ಹಿಡಿದು ಗುಡಿಸಿಬಿಟ್ಟಿದ್ದ. ಗುಡಿಸಿ, ನನ್ನ ಮುಂದೆ ತಲೆ ಬಗ್ಗಿಸಿದ. ಹೊಗಳಲಿ ಎಂದು.

"ಯಾರ್ ಸತ್ತಿದ್ದಾರೆ ಅಂತ ಗುಡಿಸ್ದೆ?" ಅಂದೆ. ಫೋನು ಏನು ಹೇಳಿತೋ, ಅವನ ಮುಖ ಸುಣ್ಣದ ಹಾಗಾಯಿತು. ಆಮೇಲೆ ರಂಗೋಲಿಯ ಸುತ್ತ ಕಾಲ್ಬೆರಳ ಮೇಲೆ ನಡೆಯುತ್ತಿದ್ದ. ಅದೂ ನನಗೆ ಸರಿಹೋಗಲಿಲ್ಲ.

ಊಟದ ಗೋಳು ಬೇರೆ. ಅನ್ನವನ್ನು ತಕ್ಕಡಿಯಲ್ಲಿ ತೂಗಿ ತಿನ್ನುವವನು. ಮುದ್ದೆಯನ್ನು ನುಂಗದೆ ಚೂಯಿಂಗ್ ಗಮ್ಮಿನ ಹಾಗೆ ಅಗಿಯುತ್ತಾ ಕೂರುತ್ತಿದ್ದ. ನೋಡುವವರ ದವಡೆ ನೋಯಬೇಕು. ದಿನಕ್ಕೆ ಆರು ಮೊಟ್ಟೆ. ಬಿಳಿ ಮಾತ್ರ ತಿಂದು, ನನ್ನ ನಾಟಿ ಕೋಳಿಯ ಮೊಟ್ಟೆಯ ಹಳದಿಯನ್ನು ಬೀದಿ ನಾಯಿಗೆ ಹಾಕುತ್ತಿದ್ದ. ನಾಯಿ ಮೂರು ತಿಂಗಳಲ್ಲಿ ಹಂದಿಯ ಹಾಗಾಯಿತು.

ಶಿವರಾತ್ರಿ ಕಳೆದು ಸೆಕೆ ಹತ್ತಿದ ಮೇಲೆ ಹುಂಜದ ಜಗಳ ಶುರುವಾಯಿತು. ನನ್ನಲ್ಲಿ ಒಂದು ಕೆಂಪು ಹುಂಜ ಇತ್ತು. ನಾಲ್ಕು ಗಂಟೆಗೆ ಕಾಂಪೌಂಡ್ ಏರಿ, ಸೆಕೆಗೆ ಅವನು ತೆರೆದಿಟ್ಟ ಕಿಟಕಿಯ ಕೆಳಗೇ ಕೂಗುತ್ತಿತ್ತು. ಒಂದು ದಿನ ಅವನು ಫೋನು ಹಿಡಿದು ಇಳಿದು ಬಂದ.

"ದಯವಿಟ್ಟು ನಿಮ್ಮ ಹುಂಜವನ್ನು ಬೇರೆ ಕಡೆ ಇಡಿ. ನನ್ನ ದೇಹಕ್ಕೆ ನಿದ್ರೆ ಬೇಕಾಗಿದೆ," ಅಂದಳು ಫೋನಿನವಳು.

"ನನ್ ಹುಂಜ ಹುಟ್ಟಿದ್ದು ಇಲ್ಲೇ. ನೀನು ಹುಟ್ಟಿದ್ದು ಇಲ್ಲಲ್ಲ. ಯಾರು ಬೇರೆ ಕಡೆ ಹೋಗ್ಬೇಕು?" ಅಂದೆ.

ಕೇಳಿಸಿಕೊಂಡು ತಲೆ ಬಗ್ಗಿಸಿ ಮೇಲೆ ಹೋದ. ಮುಗಿಯಿತು ಎಂದುಕೊಂಡೆ. ಯುಗಾದಿಯ ಹಿಂದಿನ ವಾರ ನಾನು ರೇಷನ್ನಿಗೆ ಹೋಗಿ ಬರುವಷ್ಟರಲ್ಲಿ ಹುಂಜ ಇರಲಿಲ್ಲ. ಮುನಿರಾಜುವನ್ನು ಹಿಡಿದು ಕೇಳಿದೆ.

"ಕೊಂದಿಲ್ಲ ದೊಡ್ಡಮ್ಮ. ಆವತಿಗೆ, ನಮ್ ಮಾವನ ಮನೆಗೆ ಕಳಿಸಿದ್ದೀನಿ. ಕೆಂಚಪ್ಪ ಬಂದು ನಂಗೆ ಹೇಳ್ದ, ನಿದ್ದೆ ಇಲ್ಲ ಅಂತ. ಸೀಸನ್ ಮುಗಿದ್ಮೇಲೆ ತಂದ್ಕೊಡ್ತೀನಿ."

ತಂದುಕೊಡುವುದು ಎಲ್ಲಿಂದ ಬಂತು. ಯುಗಾದಿಯ ಮಾರನೆಯ ದಿನ ಹೊಸತೊಡಕು, ಎಲ್ಲರ ಮನೆಯಲ್ಲೂ ಬಾಡೂಟ. ಆವತಿಯವರು ನನ್ನ ಹುಂಜವನ್ನು ಕೊಯ್ದು ಸಾರು ಮಾಡಿಬಿಟ್ಟರು. ಸುದ್ದಿ ತಂದವನು ಸಾರು ಚೆನ್ನಾಗಿತ್ತು ಎಂದೂ ಹೇಳಿದ. ಅಂದಿನಿಂದ ಕೆಂಚಪ್ಪನ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಬರುತ್ತಿದ್ದೆ. ಮಾತು ಬಿಟ್ಟೆ.

ಅದೇ ವಾರ ಅವನು ಮೆಟ್ಟಿಲಿಳಿಯುವ ಸದ್ದು ಬದಲಾಯಿತು. ಮೊದಲು ಎರಡು ಕಾಲೂ ಒಂದೇ ಸಮ ಬೀಳುತ್ತಿದ್ದವು. ಈಗ ಎಡಗಾಲು ಬಿದ್ದು, ಸ್ವಲ್ಪ ತಡೆದು ಬಲಗಾಲು. ಸ್ಪ್ರೇ ವಾಸನೆಯೂ ಜಾಸ್ತಿಯಾಯಿತು. ನಾನು ಕೇಳಲಿಲ್ಲ. ಮೂರು ದಿನದ ಮೇಲೆ ಬೆಳಿಗ್ಗೆ ಬಾಗಿಲು ತೆಗೆದರೆ ಮುನಿರಾಜು ಅವನನ್ನು ಕರೆದುಕೊಂಡು ಜಗುಲಿಯ ಮುಂದೆ ನಿಂತಿದ್ದ.

"ದೊಡ್ಡಮ್ಮ, ಇವನಿಗೆ ತೊಡೆ ಉಳುಕೈತೆ. ಏನೂ ತಿಂದಿಲ್ಲ, ಹಂಗೇ ಕರ್ಕೊಂಬಂದಿದ್ದೀನಿ. ಒಂದ್ಸಲ ಕಾಲಿಟ್ಬಿಡು."

"ನಿಮ್ ಡಾಕ್ಟ್ರು ಏನ್ ಮಾಡ್ತಾನೆ?"

"ಅವನಿಗೆ ತೋರಿಸಿದ್ರೆ ಓನರ್‌ಗೆ ರಿಪೋರ್ಟ್ ಹೋಗುತ್ತೆ. ಭಾನುವಾರ ಲಾಸ್ಟ್ ಮ್ಯಾಚು. ಗೆದ್ರೆ ಟೀಮು ಮೇಲಿನ ಡಿವಿಜನ್‌ಗೆ. ಇವನು ಆಡಿದ್ರೆ ಇವನನ್ನ ಇನ್ನೊಂದು ವರ್ಷ ಇಟ್ಕೊತಾರೆ. ಹುಡುಗ್ರೆಲ್ಲ ನಿನ್ ಕಾಲಿನ ವಿಷ್ಯ ಹೇಳಿದ್ದಾರೆ, ಇವನೇ ಕರ್ಕೊಂಡು ಹೋಗು ಅಂದ."

ಮಾತು ಬಿಟ್ಟಿದ್ದೆ, ಆದರೆ ಉಳುಕು ಎಂದು ಬಂದವರನ್ನು ಎಂದೂ ವಾಪಸು ಕಳಿಸಿರಲಿಲ್ಲ. ಚಾಪೆ ಹಾಸಿದೆ. ಮುನಿರಾಜು ಇದ್ದಾನಲ್ಲ ಎಂದು ಕೆಂಚಪ್ಪ ಫೋನನ್ನು ಮೇಲೆಯೇ ಬಿಟ್ಟು ಬಂದಿದ್ದ. ಬೋರಲು ಮಲಗಿ ಮುಖವನ್ನು ಚಾಪೆಗೆ ಒತ್ತಿದ. ಬಲತೊಡೆಯ ಹಿಂದೆ ಬದನೆಕಾಯಿ ಬಣ್ಣ. ಗೋಡೆ ಹಿಡಿದು ಎಡಗಾಲಿಟ್ಟೆ.

ಉಳುಕಾದರೆ ಹಿಮ್ಮಡಿಗೆ ಗಂಟು ಸಿಗುತ್ತದೆ. ಒತ್ತಿ ಎಳೆದರೆ ಗಂಟು ಸರಿಯುತ್ತದೆ. ಇಲ್ಲಿ ಗಂಟು ಸಿಗಲಿಲ್ಲ, ಗುಂಡಿ ಸಿಕ್ಕಿತು. ಗಟ್ಟಿ ಮಾಂಸ ಇರಬೇಕಾದ ಕಡೆ ನನ್ನ ಹಿಮ್ಮಡಿ ಮೆತ್ತಗೆ ಇಳಿಯಿತು. ಅವನು ಚಾಪೆ ಕಚ್ಚಿದ. ನಾನು ಕಾಲು ತೆಗೆದುಬಿಟ್ಟೆ. ಎರಡನೆಯ ಸಲ ಇಡಲೇ ಇಲ್ಲ. ಅವನಾದ ಮೇಲೆ ಇನ್ನು ಯಾರ ಮೇಲೂ ಇಟ್ಟಿಲ್ಲ.

"ಇದು ಉಳುಕಲ್ಲ ಕಣೋ. ಒಳಗೆ ಹರಿದೈತೆ. ಆಡ್ಬಾರ್ದು ಅಂತ ಹೇಳು. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗು."

ಮುನಿರಾಜು ನನ್ನ ಮುಖ ನೋಡಿದ. ಆಮೇಲೆ ಕೆಂಚಪ್ಪನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರು ಮಾಡಿದ. ನಾನು ಓದಿದ್ದು ಎರಡನೇ ಕ್ಲಾಸು. ಆದರೂ ಓಕೆ, ಗುಡ್, ನೋ ಪ್ರಾಬ್ಲಮ್ ಎನ್ನುವುದು ಈಗ ಕೋಳಿಗಳಿಗೂ ಗೊತ್ತು. ಮೂರನ್ನೂ ಹೇಳಿದ. ಕೆಂಚಪ್ಪ ಎದ್ದು ಕೂತ. ಆರು ತಿಂಗಳಲ್ಲಿ ನಾನು ನೋಡಿರದ ನಗು ಅವನ ಮುಖದಲ್ಲಿತ್ತು. ಆಡಬೇಡ ಎಂದರೆ ಯಾವನೂ ಹಾಗೆ ನಗುವುದಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟು, ಹಣೆ ನೆಲಕ್ಕೆ ತಾಗುವಷ್ಟು ನನಗೆ ಬಗ್ಗಿದ.

ತಡೆಯಲು ನನಗೆ ಅಷ್ಟು ಹೊತ್ತು ಇತ್ತು. ತಲೆಯಾಡಿಸಿ ಬೇಡ ಎಂದಿದ್ದರೆ ಸಾಕಿತ್ತು. ಅದಕ್ಕೆ ಇಂಗ್ಲಿಷ್ ಬೇಕಾಗಿರಲಿಲ್ಲ, ಫೋನೂ ಬೇಕಾಗಿರಲಿಲ್ಲ. ನನ್ನ ಹುಂಜವನ್ನು ಸಾರು ಮಾಡಿಸಿದವನು, ಆಡಲಿ, ಅವನ ಕಾಲು ಅವನು ನೋಡಿಕೊಳ್ಳಲಿ ಎಂದುಕೊಂಡೆ. ಚಾಪೆ ಸುತ್ತಿ ಒಳಗೆ ಹೋದೆ.

ಭಾನುವಾರ ಮಧ್ಯಾಹ್ನ ಪಿಲ್ಲಗುಂಪೆಯ ಯಾವುದೋ ಕಾರ್ಖಾನೆಯ ತಂಡ ಎರಡು ಬಸ್ಸಿನಲ್ಲಿ ಬಂತು. ಮಾವಿನ ಮಳೆಯ ಮೋಡ ಕಟ್ಟಿ, ಗಾಳಿಯೇ ಇರಲಿಲ್ಲ. ನಾನು ಕೆರೆ ಏರಿಯ ಮೇಲೆ ಹುಣಸೆ ಮರದ ಕೆಳಗೆ ಹೆಂಗಸರ ಜೊತೆ ಕೂತೆ. ಕೆಂಚಪ್ಪ ತೊಡೆಗೆ ಪಟ್ಟಿ ಸುತ್ತಿಕೊಂಡು ಬಂದ. ಅವನು ಓಡಲಿಲ್ಲ, ನಿಂತಲ್ಲೇ ಆಡಿದ. ಚೆಂಡು ಅವನ ಹತ್ತಿರ ಬಂದರೆ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತಿತ್ತು. ನನಗೆ ಆಟ ಗೊತ್ತಿಲ್ಲ, ಆದರೆ ಬಾವಿಗೆ ಕೊಡ ಬಿಡುವವಳ ಕೈ ನೋಡಿದರೆ ಪಳಗಿದ್ದೋ ಇಲ್ಲವೋ ಗೊತ್ತಾಗುತ್ತದೆ. ಅವನು ತಳ್ಳಿದ ಚೆಂಡನ್ನೇ ನಮ್ಮ ಕಡೆಯ ಒಬ್ಬ ಬಲೆಗೆ ಹೊಡೆದ. ಊರೆಲ್ಲ ಕೂಗಿತು.

"ನಿನ್ ಕಾಲಿನ ಮಹಿಮೆ ಅಕ್ಕ," ಎಂದು ಜಯಮ್ಮ ನನ್ನ ತೊಡೆ ತಟ್ಟಿದಳು. ನಾನು ಅವಳ ಕೈ ತಳ್ಳಿದೆ.

ಮುಗಿಯಲು ಸ್ವಲ್ಪ ಹೊತ್ತಿರುವಾಗ ಚೆಂಡು ಎದುರಾಳಿಯ ಒಬ್ಬನ ಕಾಲಿಗೆ ಸಿಕ್ಕಿ, ಅವನು ಬಯಲಿನಲ್ಲಿ ಒಬ್ಬನೇ ನುಗ್ಗಿದ. ಹತ್ತಿರ ಇದ್ದದ್ದು ಕೆಂಚಪ್ಪ ಮಾತ್ರ. ಆಗ ಓಡಿದ. ಏರಿಯ ಮೇಲೆ ಓಡುತ್ತಿದ್ದ ಹಾಗೆಯೇ ಹತ್ತು ಹೆಜ್ಜೆ ಓಡಿದ. ಚೆಂಡನ್ನು ಹೊರಗೆ ಒದ್ದ. ಒದ್ದವನು ಹಿಂದೆ ತಿರುಗಿ ನೋಡಿದ, ಯಾರೋ ತೊಡೆಗೆ ಕಲ್ಲು ಹೊಡೆದರೇನೋ ಎನ್ನುವ ಹಾಗೆ. ಹಿಂದೆ ಯಾರೂ ಇರಲಿಲ್ಲ. ಬಿದ್ದ.

ಅವನನ್ನು ಹೊತ್ತುಕೊಂಡು ಹೊರಗೆ ಮಲಗಿಸಿದರು. ಅಷ್ಟರಲ್ಲಿ ಆಟ ಮುಗಿದ ಸೀಟಿ ಊದಿದರು. ನಮ್ಮವರು ಗೆದ್ದಿದ್ದರು. ತಮಟೆ ಶುರುವಾಯಿತು, ಪಟಾಕಿ ಸರ ಹಚ್ಚಿದರು, ಮುನಿರಾಜುವಿನ ಕೊರಳಿಗೆ ಸೇಬಿನ ಹಾರ ಬಿತ್ತು. ಅವನನ್ನು ಹೆಗಲ ಮೇಲೆ ಹೊತ್ತು ಕುಣಿದವರ ಕಾಲ ಪಕ್ಕದಲ್ಲೇ ಕೆಂಚಪ್ಪ ಮುಖದ ಮೇಲೆ ಅಂಗಿ ಎಳೆದುಕೊಂಡು ಮಲಗಿದ್ದ. ಮಳೆ ಬಂದ ಮೇಲೆ ಯಾರೋ ನೆನಪು ಮಾಡಿಕೊಂಡು ಅವನನ್ನು ಕಾರಿಗೆ ಹಾಕಿದರು.

ಮಾಂಸ ಎಲುಬಿನಿಂದಲೇ ಕಿತ್ತು ಬಂದಿದೆ ಅಂದರಂತೆ ಆಸ್ಪತ್ರೆಯಲ್ಲಿ. ಆಪರೇಷನ್ ಮಾಡಿದರೂ ಮೊದಲಿನ ಓಟ ಬರುವುದಿಲ್ಲ. ಆಡದೆ ಮೊದಲೇ ಬಂದು ಆರು ವಾರ ಮಲಗಿದ್ದರೆ ತಾನಾಗಿ ಕೂಡಿಕೊಳ್ಳುತ್ತಿತ್ತು. ತಂಡದವರು ಮುಂದಿನ ವರ್ಷಕ್ಕೆ ಬೇಡ ಎಂದು ಕಾಗದ ಕೊಟ್ಟು, ಊರಿಗೆ ಹೋಗಲು ಟಿಕೆಟ್ ಮಾಡಿದರು. ಅಲ್ಲಿಯವರೆಗೆ ಒಂಬತ್ತು ದಿನ ಅವನು ನನ್ನ ಮಹಡಿಯಲ್ಲಿ ಕಾಲು ಚಾಚಿ ಮಲಗಿದ್ದ. ತಟ್ಟೆಯನ್ನು ಮೇಲಕ್ಕೇ ಕೊಂಡೊಯ್ದು ಇಡುತ್ತಿದ್ದೆ. ಅವನು ಗೋಡೆ ನೋಡುತ್ತಿದ್ದ. ನಾನು ತಟ್ಟೆ ನೋಡುತ್ತಿದ್ದೆ.

ಎಂಟನೆಯ ದಿನ ಹಾಲಿನ ಡೈರಿಗೆ ಹೋದಾಗ ಮುನಿರಾಜು ನಾಲ್ಕು ಜನರನ್ನು ನಿಲ್ಲಿಸಿಕೊಂಡು ಮಾತಾಡುತ್ತಿದ್ದ. ನಾನು ಹಿಂದಿದ್ದದ್ದು ಅವನಿಗೆ ಗೊತ್ತಿರಲಿಲ್ಲ.

"ದೊಡ್ಡಮ್ಮನ ಕಾಲ್ಗುಣ ಹೋಯ್ತು ಕಣ್ರೋ. ಸರಿಯಾಯ್ತು, ಆಡು ಅಂತ ಅವಳೇ ಹೇಳಿದ್ದು. ನಂಬಿ ಕೆಟ್ವಿ."

"ಯಾರೋ ಹೇಳಿದ್ದು?" ಅಂದೆ.

ತಿರುಗಿ ನೋಡಿ ಹಲ್ಲು ಕಿರಿದ. "ಅಲ್ಲ ದೊಡ್ಡಮ್ಮ, ನೀನು ಬೇಡ ಅಂದಿದ್ರೂ ಅವನು ಆಡ್ತಿದ್ದ. ಅವನಿಗೆ ಬೇರೆ ಗತಿ ಇರ್ಲಿಲ್ಲ."

"ಆಡ್ತಿದ್ನೋ ಇಲ್ವೋ ಅವನು ಹೇಳ್ಬೇಕಾಗಿತ್ತು. ನೀನಲ್ಲ. ನನ್ ಮಾತನ್ನ ಅವನಿಗೆ ಮುಟ್ಟಿಸದೆ, ಈಗ ನನ್ ಹೆಸರಿಗೆ ಮಸಿ ಬಳೀತೀಯಾ? ಥೂ ನಿನ್ನ!"

"ನೀನೂ ಅಲ್ಲೇ ನಿಂತಿದ್ದೆ ದೊಡ್ಡಮ್ಮ," ಅಂದ. ಮೆಲ್ಲಗೆ ಅಂದ. ನಾಲ್ಕು ಜನಕ್ಕೂ ಕೇಳಿಸಿತು.

ಹಾಲಿನ ಕ್ಯಾನು ಅಲ್ಲೇ ಇಟ್ಟು ನೇರ ಮನೆಗೆ ಬಂದು ಮಹಡಿ ಹತ್ತಿದೆ. ಪಾಪ ಎನಿಸಿ ಹತ್ತಿದ್ದಲ್ಲ. ನನ್ನ ಹೆಸರು ಉಳಿಸಿಕೊಳ್ಳಲು ಹತ್ತಿದೆ. ಅವನ ಪೆಟ್ಟಿಗೆ ಕಟ್ಟಿ ಆಗಿತ್ತು. ಅವನ ಫೋನನ್ನು ತೋರಿಸಿ, ಹಿಡಿ ಎಂದು ಸನ್ನೆ ಮಾಡಿದೆ. ಹಿಡಿದ.

"ಅವತ್ತು ನಾನು ಆಡ್ಬೇಡ ಅಂತ ಹೇಳಿದ್ದೆ. ಒಳಗೆ ಹರಿದೈತೆ, ಆಸ್ಪತ್ರೆಗೆ ಹೋಗು ಅಂತ ಹೇಳಿದ್ದೆ. ಮುನಿರಾಜು ನಿಂಗೆ ಸುಳ್ಳು ಹೇಳ್ದ."

ಫೋನು ಅವನ ಮಾತಿನಲ್ಲಿ ಹೇಳಿತು. ಅವನು ಗೋಡೆ ಬಿಟ್ಟು ನನ್ನ ಕಡೆ ತಿರುಗಿದ. ಫೋನಿಗೆ ಏನೋ ಹೇಳಿದ.

"ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನಿಮಗೆ ಆಗಲೇ ತಿಳಿದಿತ್ತೇ?" ಅಂದಳು ಫೋನಿನವಳು.

ಇಲ್ಲ ಎನ್ನಬಹುದಿತ್ತು. ಇಲ್ಲ ಎಂದಿದ್ದರೆ ನನ್ನ ಹೆಸರು ಉಳಿಯುತ್ತಿತ್ತು, ಅದಕ್ಕೇ ಹತ್ತಿ ಬಂದದ್ದು.

"ತಿಳೀತು," ಅಂದೆ.

"ನೀವು ಏಕೆ ಸುಮ್ಮನಿದ್ದಿರಿ?"

"ನನ್ ಹುಂಜ ಕಳಿಸ್ಬಿಟ್ಟೆಯಲ್ಲ, ಅದಕ್ಕೆ."

ಫೋನು ಹೇಳಿದ್ದನ್ನು ಅವನು ನಂಬಲಿಲ್ಲ. ಇನ್ನೊಂದು ಸಲ ಹೇಳಿಸಿ, ಕಿವಿಗೆ ಹಿಡಿದು ಕೇಳಿದ. ಆಮೇಲೆ ಕೈಯನ್ನು ತಲೆಯ ಮೇಲೆ ಜುಟ್ಟಿನ ಹಾಗೆ ಹಿಡಿದು, ಇದೇನಾ ಎಂದು ನನ್ನನ್ನು ನೋಡಿದ. ನಾನು ಹೂಂ ಎಂದು ತಲೆಯಾಡಿಸಿದೆ. ಅವತ್ತು ಆಡಿಸದ ತಲೆ.

ಒಂದು ವಿಮಾನ ಹೋಯಿತು. ಅದು ದಾಟುವವರೆಗೂ ಇಬ್ಬರೂ ಸುಮ್ಮನಿದ್ದೆವು. ಅವನಿಗೂ ಅಷ್ಟರಲ್ಲಿ ಅದು ಅಭ್ಯಾಸವಾಗಿತ್ತು. ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಗೆ ಬರಲಿಲ್ಲ ಎಂದಲ್ಲ. ಬಂತು. ಅದನ್ನು ಆ ಉಪಚಾರದ ಹೆಂಗಸಿನ ಬಾಯಿಂದ ಹೇಳಿಸಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಅವನೇ ಫೋನಿಗೆ ಮೆಲ್ಲಗೆ ಏನೋ ಹೇಳಿ, ಅದನ್ನು ಹಾಸಿಗೆಯ ಮೇಲಿಟ್ಟು, ಗೋಡೆಯ ಕಡೆ ತಿರುಗಿಕೊಂಡ.

"ದಯವಿಟ್ಟು ಹೋಗುವಾಗ ಬಾಗಿಲು ಹಾಕಿಕೊಂಡು ಹೋಗಿ," ಅಂದಳು ಫೋನಿನವಳು.

ನನ್ನ ಗಂಡ ಕಟ್ಟಿಸಿದ ಮನೆ, ನಾನು ಬಣ್ಣ ಬಳಿದ ಬಾಗಿಲು. ಹಾಕಿಕೊಂಡು ಇಳಿದು ಬಂದೆ.